ಅಡಕೆ ಕೋಣೆ: ಗಡಿನಾಡಿನ ಒಂದು ವಿಚ್ಛೇದನದ ಪ್ರಕರಣ ಅಧ್ಯಯನ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ ಮುಖ್ಯ ರಸ್ತೆ ಬಿಟ್ಟು ಒಳಕ್ಕೆ ಇಳಿದರೆ ಸಿಗುವ ಒಂದು ಅಡಕೆ ತೋಟದ ಮನೆಯಲ್ಲಿ, 2020ರ ಮಾರ್ಚಿನಿಂದ 2022ರ ಏಪ್ರಿಲ್ ವರೆಗೆ ನಡೆದ ಸಂಗತಿಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆ ಮನೆಯ ಹಿರಿಯ ಮಗಳ ಮದುವೆ ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮುಗಿಯಿತು. ಪೊಲೀಸ್ ದೂರು ಇರಲಿಲ್ಲ, ಮಕ್ಕಳಿರಲಿಲ್ಲ, ಆಸ್ತಿಯ ವ್ಯಾಜ್ಯವೂ ಇರಲಿಲ್ಲ. ಕೋರ್ಟಿನ ಕಡತದಲ್ಲಿ ಇದು ಕೆಲವೇ ಹಾಳೆಗಳ ಪ್ರಕರಣ. ಆದರೂ ನಾನು ಕಂಡ ಪ್ರಕರಣಗಳಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ. ಹೊಡೆತ ಬಡಿತಗಳಿಲ್ಲದ, ಹೊರಗಿನವರ ಕಣ್ಣಿಗೆ ಯಾವ ಕೊರತೆಯೂ ಕಾಣದ ದಾಂಪತ್ಯವೊಂದನ್ನು ಬಾಳಲಾಗದ್ದು ಎಂದು ಒಪ್ಪಿಕೊಳ್ಳುವುದಕ್ಕೆ ಒಂದು ಮನೆ ಎಷ್ಟು ಕಷ್ಟಪಡಬೇಕಾಗುತ್ತದೆ ಎಂಬುದನ್ನು ನಾನು ಇಲ್ಲಿ ತೀರ ಹತ್ತಿರದಿಂದ ನೋಡಿದೆ.

ನಾನು ನಿವೃತ್ತ ಕನ್ನಡ ಅಧ್ಯಾಪಿಕೆ. ಕೆಲಸದಿಂದ ಬಿಡುವಾದ ಮೇಲೆ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರ್ ಆಗಿ, ಅಂದರೆ ಕಾನೂನು ನೆರವಿನ ಸ್ವಯಂಸೇವಕಿಯಾಗಿ, ಮಲಯಾಳದಲ್ಲಿ ಕಾಗದಪತ್ರದ ವ್ಯವಹಾರ ಮಾಡಲು ಅಂಜುವ ಕನ್ನಡದ ಹೆಂಗಸರಿಗೆ ಜೊತೆಯಾಗಿ ಹೋಗುತ್ತೇನೆ. ಆ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದವಳು. ಆ ಮನೆಯವರಂತೆ ನಾನೂ ಹವ್ಯಕಳು, ಮನೆಮಾತೂ ಒಂದೇ. ಆದ್ದರಿಂದ ನಾನು ದೂರದ ವೀಕ್ಷಕಿಯಲ್ಲ ಎಂಬುದನ್ನು ಮೊದಲೇ ಹೇಳಬೇಕು. ಮಗಳು ಮತ್ತು ಅವಳ ಗಂಡನಾಗಿದ್ದವನು, ಇಬ್ಬರ ಒಪ್ಪಿಗೆಯನ್ನೂ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಹೆಸರುಗಳನ್ನು ಕೊಡುವುದಿಲ್ಲ. ಮಗಳು, ಅಪ್ಪ, ಅಮ್ಮ, ಅಜ್ಜಿ, ಅಳಿಯ ಎಂದಷ್ಟೇ ಕರೆಯುತ್ತೇನೆ.

ಮದುವೆ ನಡೆದದ್ದು 2016ರ ಮೇ ತಿಂಗಳಲ್ಲಿ. ಮಗಳು ಬಿ.ಕಾಂ. ಮುಗಿಸಿ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆಯಾಗಿದ್ದಳು, ವಯಸ್ಸು 24. ಅಳಿಯನ ಮನೆ ಸಾರಡ್ಕದ ಗಡಿ ದಾಟಿ ವಿಟ್ಲದ ಆಚೆ, ದಕ್ಷಿಣ ಕನ್ನಡದಲ್ಲಿ. ಎರಡು ಮನೆಗಳ ನಡುವೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಅವನು ಪದವೀಧರ, ಒಬ್ಬನೇ ಮಗ, ಒಳ್ಳೆಯ ತೋಟವಿತ್ತು, ಜಾತಕ ಕೂಡಿಬಂದಿತ್ತು. ಕೆಲಸ ಬಿಡಬೇಕೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವಿದೆಯೆಂದು ಯಾರಿಗೂ ಅನಿಸಿಯೂ ಇರಲಿಲ್ಲ.

ಅಲ್ಲಿ ಏನು ನಡೆಯಿತೆಂಬುದನ್ನು ಹೇಳುವುದು ಕಷ್ಟ, ಏಕೆಂದರೆ ನಡೆದದ್ದು ಬಹಳ ಕಡಿಮೆ. ಗಂಡ ತನ್ನಷ್ಟಕ್ಕೆ ತೋಟಕ್ಕೆ ಹೋಗುತ್ತಿದ್ದ, ಊಟಕ್ಕೆ ಬರುತ್ತಿದ್ದ, ರಾತ್ರಿ ಜಗಲಿಯ ಮಂಚದಲ್ಲಿ ಮಲಗುತ್ತಿದ್ದ. ಬಯ್ಯುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಅವಳ ಹಳೆಯ ಸಂಬಳದ ಉಳಿತಾಯ ಖಾತೆಯ ಎಟಿಎಂ ಕಾರ್ಡ್ ಅತ್ತೆಯ ಕಪಾಟಿನಲ್ಲಿತ್ತು. ತವರಿಗೆ ಫೋನ್ ಮಾಡುವಾಗ ಅತ್ತೆ ಪಕ್ಕದಲ್ಲಿ ಇರುತ್ತಿದ್ದರು. ಬರಬರುತ್ತಾ ಅವಳು ಫೋನಿನಲ್ಲಿ ಮಳೆ, ಅಡಕೆಯ ಕೊಳೆರೋಗ, ಯಾರದೋ ಮನೆಯ ಪೂಜೆ, ಇಷ್ಟರ ಸುದ್ದಿಯನ್ನೇ ಆಡತೊಡಗಿದಳು. ಮುಂದೆ ಒಂದು ದಿನ ಅವಳು ನನ್ನಲ್ಲಿ, "ಅಲ್ಲಿ ಎನಗೆ ಉಂಬಲೆ ಉಡ್ಲೆ ಕಮ್ಮಿ ಇತ್ತಿಲ್ಲೆ ಟೀಚರ್, ಮಾತಾಡ್ಲೆ ಆರೂ ಇತ್ತಿದ್ದವಿಲ್ಲೆ" ಎಂದಳು. ನಾಲ್ಕು ವರ್ಷದ ಅಹವಾಲನ್ನು ಅವಳು ಹೇಳಿದ್ದು ಅಷ್ಟರಲ್ಲೇ.

2020ರ ಮಾರ್ಚಿನಲ್ಲಿ ಅವಳು ಅಜ್ಜನ ತಿಥಿಗೆಂದು ಎರಡು ದಿನದ ಮಟ್ಟಿಗೆ ತವರಿಗೆ ಬಂದಳು. ಅಷ್ಟರಲ್ಲಿ ಕಾಸರಗೋಡಿನಲ್ಲಿ ಕೋವಿಡ್ ಪ್ರಕರಣಗಳು ಏರಿದವು. ತಲಪಾಡಿಯೂ ಸೇರಿದಂತೆ ಗಡಿಯ ರಸ್ತೆಗಳನ್ನು ಕರ್ನಾಟಕ ಮುಚ್ಚಿತು, ಕೆಲವೆಡೆ ರಸ್ತೆಗೆ ಮಣ್ಣನ್ನೇ ಸುರಿಯಲಾಯಿತು. ಮಾರ್ಚ್ 25ರಿಂದ ಇಡೀ ದೇಶದಲ್ಲಿ ಲಾಕ್‌ಡೌನ್ ಬಂತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜನ ಆ ದಿನಗಳಲ್ಲಿ ಪಟ್ಟ ಪಾಡನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ. ಗಡಿ ಎಂಬುದು ನಮ್ಮ ಪಾಲಿಗೆ ನಿಜವಾಗಿ ಗಡಿಯಾದದ್ದು ಆಗಲೇ. ಆದರೆ ಈ ಮಗಳಿಗೆ ಆ ಮಣ್ಣಿನ ದಿಬ್ಬ ಬೇರೆಯೇ ಒಂದು ಉಪಕಾರವನ್ನು ಮಾಡಿತು.

ಮದುವೆಯಾದ ಹೆಣ್ಣು ತವರಿಗೆ ಬಂದರೆ ಬೇಲಿಯ ಆಚೆಯಿಂದ ಎರಡು ಪ್ರಶ್ನೆಗಳು ಬರುತ್ತವೆ: ಯಾವಾಗ ಬಂದದ್ದು, ಯಾವಾಗ ಹೋಗುವುದು. ಕೇಳುವವರಲ್ಲಿ ಕೆಟ್ಟತನವೇನೂ ಇರುವುದಿಲ್ಲ, ಅದು ಕುಶಲ ವಿಚಾರಿಸುವ ಕ್ರಮ. ಆದರೆ ಎರಡನೆಯ ಪ್ರಶ್ನೆಗೆ ತಾರೀಕು ಹೇಳಲಾಗದ ಮನೆಗೆ ಅದು ಕತ್ತಿಯಂತೆ ಇರಿಯುತ್ತದೆ. ಆ ಬೇಸಿಗೆಯಲ್ಲಿ ಯಾರೂ ಅದನ್ನು ಕೇಳಲಿಲ್ಲ, ಕೇಳಿದರೂ ಉತ್ತರ ಎಲ್ಲರಿಗೂ ಗೊತ್ತಿತ್ತು. ಮಗಳು ಅಮ್ಮನ ಬಳಿ ನೆಲದಲ್ಲಿ ಚಾಪೆ ಹಾಸಿ ಮಲಗಿ ಬೆಳಗಿನ ವರೆಗೆ ನಿದ್ದೆ ಮಾಡಿದಳು, ಅಡಕೆ ಸುಲಿದಳು, ತಮ್ಮನ ಲೆಕ್ಕಪತ್ರ ನೋಡಿಕೊಟ್ಟಳು, ಎರಡು ತಿಂಗಳಾಗುವಾಗ ದೊಡ್ಡದಾಗಿ ನಗತೊಡಗಿದಳು. ಅಮ್ಮ ಗಮನಿಸಿದ್ದು ಆ ನಗುವನ್ನು. ತಾನು ಮಗಳ ನಗುವನ್ನು ಮರೆತುಬಿಟ್ಟಿದ್ದೆನೆಂಬುದು ಆಗಲೇ ತನಗೆ ತಿಳಿಯಿತೆಂದು ಅವರು ನನ್ನಲ್ಲಿ ಹೇಳಿದರು.

ದೀಪಾವಳಿಯ ಹೊತ್ತಿಗೆ ಓಡಾಟ ಸುಲಭವಾಯಿತು, ಅಳಿಯನ ಮನೆಯಿಂದ ಹೇಳಿಕೆ ಬಂತು. ಮಗಳು ಹೋಗುವುದಿಲ್ಲ ಎಂದಳು. ಆ ಒಂದು ಮಾತಿನಿಂದ ಮನೆ ಎರಡು ಪಾಲಾಯಿತು. ನವೆಂಬರಿನಲ್ಲಿ ಹಿರಿಯರ ಮೊದಲ ಮಾತುಕತೆ ಜಗಲಿಯಲ್ಲಿ ನಡೆಯಿತು. ಸೋದರಮಾವ, ಮದುವೆಗೆ ಸಂಬಂಧ ಹೊಂದಿಸಿದವರು, ಮನೆತನದ ಪುರೋಹಿತರು ಮತ್ತು ನಾನು ಕೂತಿದ್ದೆವು. ಮಗಳಿಗೆ ಹಾಕಿದ ಪ್ರಶ್ನೆಗಳು ಇವು: ಅವನು ಹೊಡೆಯುತ್ತಾನೆಯೇ? ಕುಡಿಯುತ್ತಾನೆಯೇ? ಬೇರೆ ಹೆಂಗಸಿನ ಸಂಗವಿದೆಯೇ? ಮೂರಕ್ಕೂ ಅವಳು ಇಲ್ಲವೆಂದಳು. "ಹಾಗಾದರೆ ಎಂತದು ತೊಂದರೆ?" ಎಂದು ಸೋದರಮಾವ ನಿಜವಾಗಿಯೂ ಅರ್ಥವಾಗದೆ ಕೇಳಿದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆಯನ್ನೂ ಹೇಳಿದರು. ಅವರನ್ನು ನಾನು ದೂರುವುದಿಲ್ಲ. ಅಸುಖವನ್ನು ಗುರುತಿಸುವುದಕ್ಕೆ ಅವರ ಕೈಯಲ್ಲಿದ್ದ ಅಳತೆಗೋಲು ಅಷ್ಟೇ ಉದ್ದದ್ದು. ಸುಪ್ರೀಂ ಕೋರ್ಟ್ 2007ರಲ್ಲಿ ಸಮರ್ ಘೋಷ್ ಪ್ರಕರಣದ ತೀರ್ಪಿನಲ್ಲಿ ಉದ್ದೇಶಪೂರ್ವಕ ಅಲಕ್ಷ್ಯ, ಸತತ ಉದಾಸೀನಗಳನ್ನು ಮಾನಸಿಕ ಕ್ರೌರ್ಯದ ಉದಾಹರಣೆಗಳಲ್ಲಿ ಸೇರಿಸಿದೆ. 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯು ಹೆಣ್ಣಿನ ಹಣವನ್ನು ಅವಳ ಕೈಗೆ ಸಿಗದಂತೆ ಮಾಡುವುದನ್ನೂ ಹಿಂಸೆಯೆಂದೇ ಎಣಿಸುತ್ತದೆ. ಕಾನೂನು ತಲುಪಿದ ಜಾಗಕ್ಕೆ ನಮ್ಮ ಜಗಲಿ ಇನ್ನೂ ತಲುಪಿರಲಿಲ್ಲ.

ಜನವರಿಯಲ್ಲಿ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಲಾಯಿತು. ದೋಷ ಕಂಡುಬಂತು, ಅದರ ಪರಿಹಾರಕ್ಕೆ ಆಶ್ಲೇಷಬಲಿ ಪೂಜೆ ಆಯಿತು. ಮಗಳು ಎಲ್ಲಕ್ಕೂ ಕೂತಳು, ಪ್ರಸಾದ ತೆಗೆದುಕೊಂಡಳು, ಹೋಗುವುದಿಲ್ಲ ಎಂಬ ಮಾತನ್ನು ಬದಲಿಸಲಿಲ್ಲ.

ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದವರು ಅಜ್ಜಿ. ಅವರ ವಿರೋಧವನ್ನು ನಾನು ಮೊದಲು ಬರೀ ಹಳೆಯ ಕಾಲದ ಹಠವೆಂದು ತಿಳಿದಿದ್ದೆ, ಅದು ನನ್ನ ತಪ್ಪು. ಒಂದು ಮಧ್ಯಾಹ್ನ ಎಲೆ ಹಾಕಿಕೊಳ್ಳುತ್ತಾ ಅವರು ತಮ್ಮ ತಂಗಿಯ ಕಥೆ ಹೇಳಿದರು. ತಂಗಿ ಮದುವೆಯಾದ ಮೂರನೆಯ ವರ್ಷಕ್ಕೆ, 1950ರ ದಶಕದಲ್ಲಿ, ತವರಿಗೆ ಮರಳಿದರು. ಆಗಲೂ ಕಾನೂನು ಇರಲಿಲ್ಲವೆಂದಲ್ಲ. ಕಾಸರಗೋಡು 1956ರ ನವೆಂಬರ್ 1ರ ವರೆಗೆ ಮದರಾಸಿಗೆ ಸೇರಿತ್ತು. ಮದರಾಸು ಸರಕಾರ 1949ರಲ್ಲೇ ಹಿಂದೂಗಳಿಗೆ ವಿಚ್ಛೇದನದ ಅವಕಾಶ ಕೊಡುವ ಕಾಯ್ದೆ ಮಾಡಿತ್ತು, 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂತು. ಆ ಮನೆಯಲ್ಲಿ ಅದನ್ನು ಯಾರೂ ಉಪಯೋಗಿಸಲಿಲ್ಲ, ಉಪಯೋಗಿಸಬಹುದೆಂದು ತಂಗಿಗೆ ಯಾರೂ ಹೇಳಲೂ ಇಲ್ಲ. ಆಕೆ ಅಣ್ಣನ ಅಡುಗೆಮನೆಯಲ್ಲಿ ನಲವತ್ತು ವರ್ಷ ದುಡಿದರು. ಆಕೆಗೆ ಸೇರಿದ್ದೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ನಡುಮನೆಯಿಂದ ಹಿತ್ತಿಲಿಗೆ ಹೋಗುವ ದಾರಿಯ ಗೋಡೆ ಬದಿಯಲ್ಲಿತ್ತು, ರಾತ್ರಿ ಆಕೆ ಮಲಗುತ್ತಿದ್ದುದೂ ಆ ದಾರಿಯಲ್ಲೇ. ಬಾಣಂತಿತನಕ್ಕೆ, ತಿಥಿಗೆ, ಮದುವೆಗೆ, ಎಲ್ಲರ ಮನೆಗೂ ಆಕೆ ಬೇಕಾಗಿದ್ದರು. ಆಕೆಯದ್ದೆಂಬ ಜಾಗ ಮಾತ್ರ ಎಲ್ಲಿಯೂ ಇರಲಿಲ್ಲ. ಮೊಮ್ಮಗಳು ಹಿಂತಿರುಗಿದಾಗ ಅಜ್ಜಿಯ ಕಣ್ಣಿಗೆ ಕಂಡದ್ದು ಆ ಪೆಟ್ಟಿಗೆ.

2011ರ ಜನಗಣತಿಯಲ್ಲಿ ವಿಚ್ಛೇದಿತರೆಂದು ಹೇಳಿಕೊಂಡವರು ದೇಶದಲ್ಲಿ ಸುಮಾರು 13.6 ಲಕ್ಷ; ವಿಚ್ಛೇದನವಿಲ್ಲದೆ ಬೇರೆಯಾಗಿ ಬಾಳುತ್ತಿದ್ದವರು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಆ ಎರಡನೆಯ ಸಂಖ್ಯೆಯನ್ನು ಓದುವಾಗ ನನಗೆ ಅಜ್ಜಿಯ ತಂಗಿಯ ನೆನಪಾಗುತ್ತದೆ.

ಇದೇ ಊರಿನಲ್ಲಿ, ಗದ್ದೆಯ ಆಚೆಗೆ, ಒಂದು ಬಂಟರ ಮನೆಯಿದೆ. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಕಟ್ಟಿನಲ್ಲಿ ಹೆಣ್ಣು ಮದುವೆಯಾದ ಮೇಲೂ ಹುಟ್ಟಿದ ಕುಟುಂಬದ ಹಕ್ಕುದಾರಳಾಗಿಯೇ ಉಳಿಯುತ್ತಿದ್ದಳು. ಸಂಸಾರ ಮುರಿದರೆ ಅವಳು ಬರುತ್ತಿದ್ದದ್ದು ತನ್ನದೇ ಮನೆಗೆ. ಅಪ್ಪನಿಂದ ಮಕ್ಕಳಿಗೆ ಇಳಿಯುವ ಮಕ್ಕಳ ಸಂತಾನದ ನಮ್ಮ ಮನೆಗಳಲ್ಲಿ ಅವಳು ಬರುತ್ತಿದ್ದದ್ದು ಅಪ್ಪನ ಮನೆಗೆ, ಆಮೇಲೆ ಅಣ್ಣನ ಮನೆಗೆ, ಕೊನೆಗೆ ಅಣ್ಣನ ಮಗನ ಮನೆಗೆ. ಅಳಿಯಸಂತಾನದಲ್ಲಿ ಯಜಮಾನಿಕೆ ನಡೆಸುತ್ತಿದ್ದವರು ಹೆಚ್ಚಾಗಿ ಗಂಡಸರೇ ಎಂಬುದನ್ನು ನಾನು ಮರೆತಿಲ್ಲ. ಆದರೆ ಒಂದೇ ಊರಿನಲ್ಲಿ, ಒಂದೇ ಮಳೆಗೆ ನೆನೆಯುವ ಎರಡು ಮನೆಗಳಲ್ಲಿ, ಮರಳಿ ಬಂದ ಹೆಣ್ಣಿನ ಮರ್ಯಾದೆ ಇಷ್ಟು ಬೇರೆಯಾಗಿದ್ದುದಕ್ಕೆ ಶಾಸ್ತ್ರಕ್ಕಿಂತ ಹೆಚ್ಚು ಕಾರಣವಾದದ್ದು ಮನೆಯೊಳಗೆ ಅವಳಿಗಿದ್ದ ಅಥವಾ ಇಲ್ಲದ ಜಾಗವೇ ಎಂದು ನನ್ನ ಅಭಿಪ್ರಾಯ.

ಈ ಪ್ರಕರಣದ ತಿರುವು 2021ರ ಫೆಬ್ರವರಿಯಲ್ಲಿ, ಯಾವ ಮಾತುಕತೆಯೂ ಇಲ್ಲದ ಒಂದು ಬೆಳಗ್ಗೆ ಬಂತು. ಮಗಳು ಮದುವೆಗೆ ಮೊದಲು ಇದ್ದ ಕೋಣೆಯನ್ನು ಮದುವೆಯ ಮರುವರ್ಷದಿಂದಲೇ ಅಡಕೆ ತುಂಬಿಡಲು ಬಳಸುತ್ತಿದ್ದರು. ಧಾರಣೆ ಏರಲಿ ಎಂದು ಅಪ್ಪ ಹಿಂದಿನ ವರ್ಷದ ಚಾಲಿಯನ್ನು, ಅಂದರೆ ಒಣಗಿಸಿದ ಅಡಕೆಯನ್ನು, ಮಾರದೆ ಇಟ್ಟಿದ್ದರು. ಗೋಣಿಚೀಲಗಳು ಮಾಡಿನವರೆಗೆ ಏರಿದ್ದವು, ಕಿಟಕಿ ತೆರೆಯಲಾಗುತ್ತಿರಲಿಲ್ಲ. ಅಂಗಳದಲ್ಲಿ ಹೊಸ ಅಡಕೆ ಒಣಗುತ್ತಿತ್ತು, ಅಂದರೆ ಆ ಕೋಣೆ ಅತ್ಯಂತ ಹೆಚ್ಚು ಬೇಕಾಗುವ ಕಾಲವೇ ಅದು. ಆ ಬೆಳಗ್ಗೆ ಅಪ್ಪ ಜೀಪು ಕರೆಸಿ, ಕೆಲಸದವರಿಗೆ "ಈ ಕೋಣೆಯ ಅಡಕ್ಕೆ ಪೂರಾ ತೆಗೆಯೆಕ್ಕು" ಎಂದರು. ಅರ್ಧವನ್ನು ಮಾರಿದರು, ಉಳಿದದ್ದನ್ನು ಅಟ್ಟಕ್ಕೆ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ಕೋಣೆ ಖಾಲಿಯಾಯಿತು. ನೆಲದಲ್ಲಿ ಚೀಲಗಳ ಗುರುತು ಚೌಕ ಚೌಕವಾಗಿ ಮೂಡಿತ್ತು, ಮೂಲೆಯಲ್ಲಿ ಅವಳ ಹತ್ತನೆಯ ತರಗತಿಯ ವೇಳಾಪಟ್ಟಿ ಇನ್ನೂ ಗೋಡೆಗೆ ಅಂಟಿಕೊಂಡಿತ್ತು. ಎರಡು ದಿನದಲ್ಲಿ ಸುಣ್ಣ ಬಳಿದಾಯಿತು, ಕಂಪ್ಯೂಟರಿಗೆ ಪ್ಲಗ್ ಬಂತು. ಅಡಕೆಯ ಒಗರು ವಾಸನೆ ಮಾತ್ರ ಮುಂದಿನ ಮಳೆಗಾಲದ ವರೆಗೂ ಹೋಗಲಿಲ್ಲ. ಅಪ್ಪ ಯಾರೊಡನೆಯೂ ಚರ್ಚಿಸಲಿಲ್ಲ, ಯಾರಿಗೂ ಕಾರಣ ಹೇಳಲಿಲ್ಲ. ಅದಾದ ಮೇಲೆ ಅಜ್ಜಿ ಒಂದು ದಿನವೂ ವಿರೋಧದ ಮಾತೆತ್ತಲಿಲ್ಲ.

ಅಳಿಯನನ್ನು ನಾನು ಎರಡು ಸಲ ಭೇಟಿಯಾದೆ. ಮೊದಲ ಸಲ ತಾಯಿಯ ಎದುರಿನಲ್ಲಿ ಅವನು ತಲೆ ಎತ್ತಲಿಲ್ಲ. ಎರಡನೆಯ ಸಲ ವಿಟ್ಲದ ಪೇಟೆಯಲ್ಲಿ ಒಬ್ಬನೇ ಸಿಕ್ಕಿದಾಗ, ತನಗೆ ಮದುವೆಯೇ ಬೇಕಾಗಿರಲಿಲ್ಲವೆಂದೂ ಬೆಂಗಳೂರಿನ ಕೆಲಸ ಬಿಡಿಸಿ ತೋಟಕ್ಕೆ ಕರೆತಂದ ಸಿಟ್ಟನ್ನು ಯಾರ ಮೇಲೂ ತೋರಿಸಲಾಗದೆ ಉಳಿದೆನೆಂದೂ ಹೇಳಿದ. "ಅವಳದ್ದು ತಪ್ಪೇನಿಲ್ಲ ಟೀಚರೇ, ಅದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ" ಎಂದ. ಮೌನದಿಂದ ಅವನು ಅವಳಿಗೆ ಮಾಡಿದ ಅನ್ಯಾಯ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಮನಸ್ಸಿಲ್ಲದ ಮದುವೆಗೆ ಗಂಡು ಮಕ್ಕಳನ್ನೂ ಒತ್ತಾಯದಿಂದ ಕೂರಿಸುತ್ತೇವೆಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಇಬ್ಬರಿಗೂ ಬೇಡವೆಂಬುದು ತಿಳಿದ ಮೇಲೆ ದಾರಿ ಸುಲಭವಾಯಿತು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ವಿಧಿಯ ಪ್ರಕಾರ, ಕನಿಷ್ಠ ಒಂದು ವರ್ಷ ಬೇರೆಯಾಗಿದ್ದು ಒಟ್ಟಿಗೆ ಬಾಳಲಾಗದೆಂದು ಇಬ್ಬರೂ ಒಪ್ಪಿದರೆ, ಯಾರ ತಪ್ಪನ್ನೂ ಸಾಬೀತುಪಡಿಸದೆ ಜಂಟಿ ಅರ್ಜಿ ಕೊಡಬಹುದು. ಹೊಡೆದನೇ, ಕುಡಿದನೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ. ಮದುವೆ ನಡೆದದ್ದು ಕಾಸರಗೋಡಿನಲ್ಲಾದ್ದರಿಂದ ಅರ್ಜಿಯನ್ನು ಇಲ್ಲಿಯೇ ಸಲ್ಲಿಸಬಹುದಿತ್ತು. ಗಡಿಯಾಚೆ ಮದುವೆ ನಡೆದು, ಹೆಂಡತಿಯೇ ಅರ್ಜಿದಾರಳಾದ ಪ್ರಕರಣಗಳಲ್ಲಿಯೂ ಅವಳು ಈಗ ವಾಸವಿರುವ ಊರಿನ ಕೋರ್ಟಿಗೆ ಹೋಗಬಹುದೆಂಬ ತಿದ್ದುಪಡಿ 2003ರಲ್ಲಿ ಬಂದಿದೆ. ನಮ್ಮಂತೆ ಸಂಬಂಧಗಳೆಲ್ಲ ಎರಡು ರಾಜ್ಯಗಳಲ್ಲಿ ಹಂಚಿಹೋದವರು ಇದನ್ನು ತಿಳಿದಿರಬೇಕು. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆಂಬುದನ್ನೂ ತಿಳಿದಿರಬೇಕು.

ಅರ್ಜಿ 2021ರ ಸೆಪ್ಟೆಂಬರಿನಲ್ಲಿ ದಾಖಲಾಯಿತು. ಕುಟುಂಬ ನ್ಯಾಯಾಲಯದಲ್ಲಿ ಆಪ್ತಸಮಾಲೋಚನೆ ಮಲಯಾಳದಲ್ಲಿ ನಡೆಯಿತು, ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ವಿಚ್ಛೇದನಕ್ಕೆ ಮಲಯಾಳದಲ್ಲಿ 'ವಿವಾಹಮೋಚನಂ' ಎನ್ನುತ್ತಾರೆ. ಅಮ್ಮ ಆ ಮಾತನ್ನು ಎರಡು ಸಲ ಹೇಳಿಸಿಕೊಂಡು, "ಮೋಚನ ಅಂದರೆ ಬಿಡುಗಡೆ ಅಲ್ಲದೋ?" ಎಂದು ನನ್ನನ್ನು ಕೇಳಿದರು. ಅಲ್ಲಿಯ ವರೆಗೆ ಅವರು ಅದನ್ನು 'ಅದು' ಎಂದಷ್ಟೇ ಕರೆಯುತ್ತಿದ್ದರು. 'ವಿಚ್ಛೇದನ'ದಲ್ಲಿ ಕತ್ತರಿಸುವ ಅರ್ಥವಿದೆ, 'ಗಂಡ ಬಿಟ್ಟವಳು' ಎಂಬುದರಲ್ಲಿ ಬಯ್ಗುಳವಿದೆ. ಮಗಳ ಬಗ್ಗೆ ನಾಲ್ಕು ಜನರಲ್ಲಿ ಹೇಳಬಹುದಾದ ಒಂದು ಮಾತು ಆ ತಾಯಿಗೆ ಸಿಕ್ಕಿದ್ದು ಆಮೇಲೆ: ಬಿಡುಗಡೆಯಾಯಿತು.

ಮೊದಲ ಅರ್ಜಿಯ ಬಳಿಕ ಆರು ತಿಂಗಳು ಕಾಯಬೇಕು. 2017ರ ಅಮರ್‌ದೀಪ್ ಸಿಂಗ್ ಪ್ರಕರಣದ ತೀರ್ಪಿನ ಪ್ರಕಾರ, ಹದಿನೆಂಟು ತಿಂಗಳು ಈಗಾಗಲೇ ಬೇರೆಯಾಗಿದ್ದು ಎಲ್ಲ ವಿಷಯ ಇತ್ಯರ್ಥವಾಗಿದ್ದರೆ ಈ ಅವಧಿಯನ್ನು ನ್ಯಾಯಾಲಯ ಮನ್ನಾ ಮಾಡಬಹುದು. ವಕೀಲರು ಅದನ್ನು ವಿವರಿಸಿದರು. ಆದರೆ ಅಳಿಯನ ತಾಯಿ ಆರು ತಿಂಗಳು ಇರಲಿ ಎಂದು ಕೇಳಿಕೊಂಡರು, ಮಗಳು ಒಪ್ಪಿದಳು. ನನಗೆ ಅಂಜಿಕೆಯಿತ್ತು, ತೀರ್ಪು ಬರುವ ಮೊದಲು ಒಬ್ಬರು ಒಪ್ಪಿಗೆ ಹಿಂತೆಗೆದರೆ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಯಾರೂ ಹಿಂತೆಗೆಯಲಿಲ್ಲ. 2022ರ ಏಪ್ರಿಲಿನಲ್ಲಿ ನ್ಯಾಯಾಧೀಶರು ಇಬ್ಬರನ್ನೂ ಕೇಳಿದರು, ಇಬ್ಬರೂ ಸ್ವಂತ ಇಚ್ಛೆಯಿಂದಲೇ ಎಂದರು. ಹತ್ತು ನಿಮಿಷದಲ್ಲಿ ಹೊರಗೆ ಬಂದೆವು.

ಒಂದು ವಿಷಯದಲ್ಲಿ ನಾನು ಮಗಳ ನಿರ್ಧಾರವನ್ನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮದುವೆಯಲ್ಲಿ ತವರಿನಿಂದ ಹಾಕಿದ ಇಪ್ಪತ್ತೆರಡು ಪವನು ಚಿನ್ನದಲ್ಲಿ ಮೂರು ಪವನನ್ನು ಕೊಳವೆಬಾವಿಯ ಖರ್ಚಿಗೆಂದು ಅಡವಿಟ್ಟಿದ್ದರು. ಅದರ ಬೆಲೆಯೂ ಸೇರಿ ಸ್ತ್ರೀಧನ ಪೂರ್ತಿ ಹಿಂದೆ ಬಂತು. ಜೀವನಾಂಶವನ್ನು ಮಾತ್ರ ಅವಳು ಬೇಡವೆಂದಳು. ಕೆಲಸ ಬಿಟ್ಟದ್ದರಿಂದ ಅವಳು ಕಳೆದುಕೊಂಡ ನಾಲ್ಕು ವರ್ಷದ ಸಂಬಳ, ಅನುಭವ, ಬಡ್ತಿಗಳಿಗೆ ಲೆಕ್ಕವಿದೆ. ಕಾಯ್ದೆಯ 25ನೆಯ ವಿಧಿ ಇರುವುದು ಇಂಥದ್ದಕ್ಕೇ. ಆದರೆ ಬೇಗ ಮುಗಿದರೆ ಸಾಕೆಂದು ನಮ್ಮ ಹೆಣ್ಣುಮಕ್ಕಳು ಮೊದಲು ಬಿಟ್ಟುಕೊಡುವುದು ಇದನ್ನೇ, ಮನೆಯವರೂ ಅದನ್ನೇ ದೊಡ್ಡ ಗುಣವೆಂದು ಹೊಗಳುತ್ತಾರೆ.

ಈಗ ಅವಳು ಬದಿಯಡ್ಕದ ಒಬ್ಬ ಲೆಕ್ಕಪರಿಶೋಧಕರಿಗೆ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ಮಾಡಿಕೊಡುತ್ತಾಳೆ, ಬಹುಪಾಲು ಕೆಲಸ ಆ ಕೋಣೆಯಲ್ಲೇ. 2023ರಲ್ಲಿ ಅಪ್ಪಚ್ಚಿಯ (ಚಿಕ್ಕಪ್ಪನ) ಮಗಳ ಮದುವೆಯಲ್ಲಿ ಅವಳು ಪಾಯಸ ಬಡಿಸಿದಳು, ಎಲ್ಲರೂ ಮಾತಾಡಿಸಿದರು. ಆರತಿ ಎತ್ತಲು ಮಾತ್ರ ಅವಳನ್ನು ಯಾರೂ ಕರೆಯಲಿಲ್ಲ. ಮರುಮದುವೆಯ ಪ್ರಸ್ತಾಪಗಳು ಬರುತ್ತಿವೆ. ತೋಟ ನೋಡಿಕೊಳ್ಳುವ ಹುಡುಗರಿಗೆ ಹೆಣ್ಣು ಸಿಗದ ಈ ಕಾಲದಲ್ಲಿ, ವಿಚ್ಛೇದಿತೆಯಾದರೂ ಅಡ್ಡಿಯಿಲ್ಲ ಎನ್ನುವವರು ಹೆಚ್ಚಾಗಿದ್ದಾರೆ. ಇದನ್ನೇ ಸಮಾಜ ಬದಲಾದದ್ದರ ಗುರುತೆಂದು ಕೆಲವರು ನನ್ನಲ್ಲಿ ಹೇಳಿದ್ದುಂಟು. 'ಆದರೂ' ಎಂಬ ಆ ಪದ ಇರುವ ತನಕ ಅದನ್ನು ಬದಲಾವಣೆಯೆಂದು ಒಪ್ಪಲು ನನ್ನಿಂದಾಗದು. ಅವಳಿಗೆ ಸದ್ಯ ಮದುವೆಯ ಯೋಚನೆಯಿಲ್ಲ.

ತಮ್ಮನಿಗೆ ಸಂಬಂಧ ನೋಡತೊಡಗಿದಾಗ ಹೆಣ್ಣಿನ ಕಡೆಯವರೊಬ್ಬರು, ಅಕ್ಕ ಇನ್ನು ಮುಂದೆಯೂ ಮನೆಯಲ್ಲೇ ಇರುವುದೋ ಎಂದು ವಿಚಾರಿಸಿದರು. ಅಪ್ಪ ಹೌದೆಂದರು. ಆ ಮನೆಯಿಂದ ಮತ್ತೆ ಸುದ್ದಿ ಬರಲಿಲ್ಲ. ಅದಾಗಿ ತಿಂಗಳೊಳಗೆ ಅಪ್ಪ, ತಮ್ಮನನ್ನೂ ಕೂರಿಸಿಕೊಂಡು, ವೀಲುನಾಮೆ (ಉಯಿಲು) ಬರೆಸಲು ಹೊರಟರು. ತಂದೆಯ ಕಾಲಾನಂತರ ವಾಸದ ಮನೆಯಲ್ಲಿ ಇರುವ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೆಯ ವಿಧಿಯು ಹಿಂದೆ ಮದುವೆಯಾಗದ, ವಿಧವೆಯಾದ, ಗಂಡ ತೊರೆದ ಅಥವಾ ಗಂಡನಿಂದ ಬೇರೆಯಾದ ಹೆಣ್ಣುಮಕ್ಕಳಿಗೆ ಮಾತ್ರ ಕೊಡುತ್ತಿತ್ತು. 2005ರಲ್ಲಿ ಆ ವಿಧಿಯನ್ನೇ ತೆಗೆದುಹಾಕಿದರು. ಈಗ ಮಗಳು ಯಾವ ಸ್ಥಿತಿಯಲ್ಲಿದ್ದರೂ ಮಗಳೇ. ಇದನ್ನು ನಾನು ಹೇಳ ಹೊರಟಾಗ ಅಪ್ಪ ಅರ್ಧಕ್ಕೇ ತಲೆಯಾಡಿಸಿದರು. ದಸ್ತಾವೇಜು ಬರೆಯುವವರು ವಾಡಿಕೆಯಂತೆ ಕರಡಿನಲ್ಲಿ 'ವಿವಾಹ ವಿಚ್ಛೇದಿತಳಾಗಿ ನನ್ನ ಆಶ್ರಯದಲ್ಲಿರುವ ಮಗಳಿಗೆ' ಎಂದು ಬರೆದಿದ್ದರು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು, ಪೆನ್ನು ಕೇಳಿ ಪಡೆದು ಅಷ್ಟನ್ನೂ ಹೊಡೆದುಹಾಕಿದರು, ಮೇಲೆ 'ನನ್ನ ಹಿರಿಯ ಮಗಳಿಗೆ' ಎಂದು ತಾವೇ ಬರೆದರು.